ಹಳೆಯ ಛತ್ರ, ಹೊಸ ದಾರಿಗ

ಸೈಪ್ರಸ್ ದ್ವೀಪದ ರಾಜಧಾನಿಯಾದ ನಿಕೋಸಿಯಾ ನಗರದಲ್ಲಿ ಸುಮಾರು ನಾಲ್ಕೂವರೆ ಶತಮಾನಗಳಷ್ಟು ಹಳೆಯದಾದ ಒಂದು ಛತ್ರವಿರುವುದು. ತುರ್ಕಿ ಭಾಷೆಯಲ್ಲಿ ಅದನ್ನು ಬುಯುಕ್ ಹಾನ್, ಎಂದರೆ ದೊಡ್ಡ ಛತ್ರ, ಎಂದು ಕರೆಯುವರು. ಒಂದು ಕಾಲದಲ್ಲಿ ವರ್ತಕರು ಇಳಿದುಕೊಳ್ಳುತ್ತಿದ್ದ, ಅನಂತರ ಕೈದಿಗಳನ್ನು ಕೂಡಿಹಾಕಿದ, ಆಮೇಲೆ ದಿಕ್ಕಿಲ್ಲದ ಬಡವರು ಒಲೆ ಹೂಡಿದ ಈ ಕಟ್ಟಡವು ಪಾಳುಬೀಳುವ ಸ್ಥಿತಿಯಿಂದ ಎದ್ದು, 2002ರ ಸುಮಾರಿನಿಂದ ಊರಿನ ಜನರೆಲ್ಲ ಬಂದು ಕೂಡುವ ತಾಣವಾಗಿರುವುದು. ಕಡಲಾಚೆಯ ಛತ್ರವೊಂದರ ಸಮಾಚಾರವನ್ನು ಈ ಅಂಕಣದಲ್ಲಿ ಬರೆಯಲು ಕಾರಣವೇನೆಂದು ವಾಚಕರು ಕೇಳಬಹುದು. ನಮ್ಮ ನಾಡಿನ ಊರೂರುಗಳಲ್ಲಿಯೂ ಹಳೆಯ ಛತ್ರಗಳಿವೆ. ಅವುಗಳಲ್ಲಿ ಕೆಲವನ್ನು ಕೆಡವಬೇಕೆಂದೂ ಕೆಲವನ್ನು ದುರಸ್ತಿ ಮಾಡಬೇಕೆಂದೂ ಪುರಸಭೆಗಳಲ್ಲಿ ಆಗಾಗ ಚರ್ಚೆ ನಡೆಯುವುದುಂಟು. ಆ ಚರ್ಚೆಯಲ್ಲಿ ಕಲ್ಲಿನ ಮಾತು, ಹಣದ ಮಾತು, ನಿವೇಶನದ ಬೆಲೆಯ ಮಾತು ಎಲ್ಲವೂ ಬರುವುವು. ಛತ್ರವು ಯಾರಿಗಾಗಿ ಹುಟ್ಟಿತೋ ಆ ದಾರಿಗನ ಮಾತೊಂದು ಮಾತ್ರ ಬರುವುದಿಲ್ಲ. ನಿಕೋಸಿಯಾದ ಛತ್ರದ ಚರಿತ್ರೆಯು ಈ ಲೋಪವನ್ನು ಚೆನ್ನಾಗಿ ಎತ್ತಿ ತೋರಿಸುವುದೆಂದು ನಾವು ನಂಬಿರುವುದರಿಂದಲೇ ಇದನ್ನು ಬರೆಯಲು ತೊಡಗಿದ್ದೇವೆ.

ತುರ್ಕರು 1570ರಲ್ಲಿ ನಿಕೋಸಿಯಾವನ್ನು ವೆನಿಸ್ಸಿನವರ ಕೈಯಿಂದ ಕಸಿದುಕೊಂಡರು. 1571ರಲ್ಲಿ ಇಡೀ ದ್ವೀಪವು ಅವರ ವಶವಾಯಿತು. ಅದರ ಮರುವರ್ಷವೇ, ಎಂದರೆ 1572ರಲ್ಲಿ, ಅಲ್ಲಿಗೆ ಬಂದ ಮೊದಲನೆಯ ತುರ್ಕಿ ಅಧಿಪತಿಯಾದ ಮುಜಫರ್ ಪಾಷಾ ಎಂಬವನು ಈ ಛತ್ರವನ್ನು ಕಟ್ಟಿಸಿದನು. ರಾಜ್ಯವನ್ನು ಗೆದ್ದವನು ಮೊದಲು ಕೋಟೆಯನ್ನು ಭದ್ರಪಡಿಸುವುದು ವಾಡಿಕೆ; ವ್ಯಾಪಾರವು ಮತ್ತೆ ನಡೆಯಬೇಕಾದರೆ ಪರಸ್ಥಳದ ವರ್ತಕನಿಗೆ ನಿರ್ಭಯವಾಗಿ ಮಲಗಲು ಒಂದು ಸ್ಥಳವು ಬೇಕೆಂಬುದನ್ನೂ ಈತನು ಅರಿತಿದ್ದನೆಂದು ತೋರುವುದು. ಕಟ್ಟಡವು ಚೌಕಾಕಾರವಾದುದು, ಎರಡು ಅಂತಸ್ತು, ನಡುವೆ ವಿಶಾಲವಾದ ಅಂಗಳ, ಸುತ್ತಲೂ ಕಮಾನುಗಳ ಪಡಸಾಲೆ, ಪಡಸಾಲೆಯ ಹಿಂದೆ ಸಾಲಾಗಿ ಒಟ್ಟು 68 ಕೋಣೆಗಳು. ಕೆಳಗಿನ ಕೋಣೆಗಳು ಸರಕಿಗೂ ವ್ಯವಹಾರಕ್ಕೂ ಮೀಸಲು, ಮೇಲಿನವು ಮಲಗುವುದಕ್ಕೆ. ಚಳಿಗಾಲದಲ್ಲಿ ಬೆಂಕಿ ಹಾಕಿಕೊಳ್ಳಲು ಮೇಲಿನ ಕೋಣೆಗಳಲ್ಲಿ ಒಲೆಗಳಿದ್ದು, ಅವುಗಳ ಹೊಗೆಗೂಡುಗಳು ಛಾವಣಿಯ ಮೇಲೆ ಸಾಲುಗಟ್ಟಿ ನಿಂತಿರುವುವು. ಅಂಗಳದ ನಟ್ಟನಡುವೆ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಪುಟ್ಟದೊಂದು ಪ್ರಾರ್ಥನಾ ಮಂದಿರ. ಅದರ ಕೆಳಗೆ ಕೈಕಾಲು ತೊಳೆಯಲು ನೀರಿನ ಕಾರಂಜಿ. ಹೊರಗೋಡೆಗೆ ಬೀದಿಯ ಕಡೆಗೆ ತೆರೆದ ಹತ್ತು ಅಂಗಡಿಗಳು. ತುರ್ಕಿ ಆಳ್ವಿಕೆಯ ದೇಶಗಳಲ್ಲಿ ಇಂಥ ಛತ್ರಗಳಿಂದ ಬರುತ್ತಿದ್ದ ಬಾಡಿಗೆಯು ಬಹಳ ಕಡೆಗಳಲ್ಲಿ ಮಸೀದಿ, ಪಾಠಶಾಲೆ, ಅನ್ನದಾನಗಳಿಗೆ ಸಲ್ಲುತ್ತಿದ್ದಿತು.

ಹಾನ್ ಎಂಬ ಈ ಶಬ್ದವನ್ನು ಕೇಳಿ ನಮ್ಮವರು ಪರಕೀಯವೆಂದುಕೊಳ್ಳಬೇಕಾಗಿಲ್ಲ. ಪಾರಸಿ ಭಾಷೆಯ ಖಾನ್ ಎಂಬುದೇ ಅಲ್ಲಿ ಹಾನ್ ಆಗಿರುವುದು. ನಮ್ಮ ಕಾರಖಾನೆ, ದವಾಖಾನೆ, ಮುಸಾಫಿರಖಾನೆಗಳಲ್ಲಿರುವ ಖಾನೆಯು ಅದರ ಬಳಗದ ಮಾತೇ.

ಮೊದಲು ಈ ಕಟ್ಟಡಕ್ಕೆ ಅಲಾನ್ಯದವರ ಛತ್ರವೆಂಬ ಹೆಸರಿದ್ದಿತು. ಅಲಾನ್ಯವು ಎದುರು ದಡದ ತುರ್ಕಿ ರೇವುಪಟ್ಟಣ. ಅಲ್ಲಿಯ ವರ್ತಕರು ಇಲ್ಲಿ ಇಳಿದುಕೊಳ್ಳುತ್ತಿದ್ದುದರಿಂದ ಆ ಹೆಸರು ಬಂದುದಾಗಿರಬೇಕು. 17ನೆಯ ಶತಮಾನದಲ್ಲಿ ಸಮೀಪದಲ್ಲಿಯೇ ಸಣ್ಣದೊಂದು ಛತ್ರವು ಎದ್ದಿತು. ಅದಕ್ಕೆ ಜೂಜುಗಾರರ ಛತ್ರವೆಂಬ ಕೀರ್ತಿಯು ಅಂಟಿಕೊಂಡಿತು. ಹಳೆಯದು ದೊಡ್ಡ ಛತ್ರವಾಯಿತು.

1878ರಲ್ಲಿ ಬ್ರಿಟಿಷರು ತುರ್ಕಿ ಸುಲ್ತಾನನೊಡನೆ ಒಪ್ಪಂದ ಮಾಡಿಕೊಂಡು ದ್ವೀಪದ ಆಡಳಿತವನ್ನು ಕೈಗೆ ತೆಗೆದುಕೊಂಡರು. ಹೊಸ ದೊರೆಗಳು ಈ ಕಟ್ಟಡವನ್ನು ಕಂಡರು. ದಪ್ಪ ಗೋಡೆ, ಒಂದೇ ತೆರನಾದ ಸಣ್ಣ ಸಣ್ಣ ಕೋಣೆಗಳು, ಕಾವಲಿಡಲು ಅನುಕೂಲವಾದ ಹೆಬ್ಬಾಗಿಲು, ನಡುವೆ ನಿಂತು ನಾಲ್ಕು ದಿಕ್ಕನ್ನೂ ನೋಡಬಹುದಾದ ಅಂಗಳ. ಅದನ್ನು ಅವರು ನಗರದ ಕಾರಾಗೃಹವನ್ನಾಗಿ ಮಾಡಿದರು! ಪರದೇಶಿಯನ್ನು ಒಳಕ್ಕೆ ಕರೆಯಲು ಕಟ್ಟಿದ ಕೋಣೆಯು ಸ್ವದೇಶಿಯನ್ನು ಹೊರಕ್ಕೆ ಬಿಡದಿರಲು ಉಪಯೋಗವಾಯಿತು. ಕಟ್ಟಡದಲ್ಲಿ ಒಂದು ಕಲ್ಲೂ ಕದಲಲಿಲ್ಲ. ಬಾಗಿಲಿನ ಅಗಳಿಯು ಒಳಗಿನಿಂದ ಹೊರಕ್ಕೆ ಹೋಯಿತು, ಅಷ್ಟೆ. ಹಳೆಯ ಕಟ್ಟಡಕ್ಕೆ ಹೊಸ ಉಪಯೋಗವನ್ನು ಹುಡುಕಿದೆವೆಂದು ಹೆಮ್ಮೆಪಡುವ ಅಧಿಕಾರಿಗಳು ಈ ಸಂಗತಿಯನ್ನು ಆಗಾಗ ಸ್ಮರಿಸುವುದು ಒಳ್ಳೆಯದು. ಜೈಲು ಕೂಡ ಹಳೆಯ ಛತ್ರಕ್ಕೆ ಒಂದು ಹೊಸ ಉಪಯೋಗವೇ.

ಆ ಆಳ್ವಿಕೆಯ ಆರಂಭದ ವರ್ಷಗಳು ಕಳೆದು, ಜೈಲು ಬೇರೆಡೆಗೆ ಹೋದ ಮೇಲೆ ಕಟ್ಟಡದ ದೆಸೆಯು ಇಳಿಯುತ್ತ ಬಂದಿತು. 20ನೆಯ ಶತಮಾನದ ಮೊದಲರ್ಧದಲ್ಲಿ ಅದು ಬಡ ಕುಟುಂಬಗಳ ವಾಸಸ್ಥಾನವಾಯಿತು. ಕೋಣೆಗೊಂದು ಸಂಸಾರ. ಜೀರ್ಣೋದ್ಧಾರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಈ ಭಾಗವನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುವರು; ಬಡವರು ಸೇರಿಕೊಂಡುದೇ ಕಟ್ಟಡವು ಕೆಟ್ಟುದಕ್ಕೆ ಸಾಕ್ಷಿಯೆಂಬಂತೆ ಅವರ ಧೋರಣೆಯಿರುವುದು. ನಮಗೆ ಹಾಗೆ ತೋರುವುದಿಲ್ಲ. ಮಳೆಗೆ ಸೂರಿಲ್ಲದವನು ಸೂರಿರುವ ಕಡೆಗೆ ಬಂದನು; ಛತ್ರವು ಹುಟ್ಟಿದ್ದೇ ಅಂಥವನಿಗಾಗಿ. ವರ್ತಕನಿಗಿಂತಲೂ ಕೈದಿಗಿಂತಲೂ ಈ ಬಡ ಸಂಸಾರಗಳೇ ಆ ಮನೆಯ ಮೂಲಧರ್ಮಕ್ಕೆ ಹತ್ತಿರವಾಗಿದ್ದುವೆಂದರೆ ತಪ್ಪಾಗಲಾರದು.

ಸೈಪ್ರಸ್ 1960ರಲ್ಲಿ ಸ್ವತಂತ್ರವಾಯಿತು. ಆದರೆ ಗ್ರೀಕ್ ಮಾತನಾಡುವವರಿಗೂ ತುರ್ಕಿ ಮಾತನಾಡುವವರಿಗೂ ಹೊಂದಿಕೆಯಾಗಲಿಲ್ಲ. 1963ರ ಡಿಸೆಂಬರಿನಲ್ಲಿ ಬೀದಿಕಾಳಗಗಳು ಹೊತ್ತಿಕೊಂಡಾಗ ಬ್ರಿಟಿಷ್ ಸೇನಾಧಿಕಾರಿಯೊಬ್ಬನು ನಗರದ ನಕ್ಷೆಯ ಮೇಲೆ ಹಸುರು ಸೀಸದಕಡ್ಡಿಯಿಂದ ಒಂದು ಗೆರೆಯನ್ನೆಳೆದನು. ಪರಕೀಯನ ಕೈಯ ಗೆರೆಯು ಎಷ್ಟು ಮನೆಗಳನ್ನು ಸೀಳಬಲ್ಲದೆಂಬುದನ್ನು 1947ರಲ್ಲಿ ಕಂಡವರ ಮಕ್ಕಳು ಮೊಮ್ಮಕ್ಕಳಾದ ನಮಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. 1974ರ ಯುದ್ಧದ ಬಳಿಕ ಆ ಗೆರೆಯು ಮುಳ್ಳುತಂತಿಯೂ ಮರಳಚೀಲವೂ ಆಗಿ, ವೆನಿಸ್ಸಿನವರು ಕಟ್ಟಿದ ವರ್ತುಲಾಕಾರದ ಕೋಟೆಯ ಒಳಗಿನ ಊರನ್ನು ಎರಡು ಹೋಳು ಮಾಡಿತು. ದೊಡ್ಡ ಛತ್ರವು ಉತ್ತರದ ತುರ್ಕಿ ಭಾಗದಲ್ಲಿ ಉಳಿಯಿತು.

ಇಲ್ಲಿ ಪುರಸಭೆಗಳ ವಿಚಾರವನ್ನು ಸ್ವಲ್ಪ ಹೇಳಬೇಕು. ನಮ್ಮ ಪೌರಪಿತೃಗಳಿಗೆ ಇದರಲ್ಲಿ ತಿಳಿಯಬೇಕಾದುದಿದೆ. ಊರು ಎರಡಾದರೂ ಮೋರಿಯು ಎರಡಾಗಲಿಲ್ಲ. ನಗರದ ಹೊಲಸು ನೀರನ್ನು ಶುದ್ಧಿಮಾಡುವ ಸ್ಥಳವು ಉತ್ತರಕ್ಕಿದ್ದಿತು, ಅದನ್ನು ಉಪಯೋಗಿಸಬೇಕಾದ ಮನೆಗಳಲ್ಲಿ ಹೆಚ್ಚಿನವು ದಕ್ಷಿಣಕ್ಕಿದ್ದುವು. ರಾಷ್ಟ್ರನಾಯಕರು ಒಬ್ಬರ ಮುಖವನ್ನೊಬ್ಬರು ನೋಡದಿದ್ದ ದಿನಗಳಲ್ಲಿ ದಕ್ಷಿಣದ ಮೇಯರರಾದ ಲೆಲ್ಲೋಸ್ ದಿಮಿತ್ರಿಯಾದಿಸ್ ಎಂಬವರೂ ಉತ್ತರದ ಮೇಯರರಾದ ಮುಸ್ತಾಫಾ ಅಕಿಂಜಿ ಎಂಬವರೂ 1978ರಲ್ಲಿ ಈ ಮೋರಿಯ ವಿಷಯವಾಗಿ ಒಪ್ಪಂದಕ್ಕೆ ಬಂದರು. ಅಲ್ಲಿಂದ 1979ರಲ್ಲಿ, ವಿಶ್ವಸಂಸ್ಥೆಯ ನೆರವಿನಿಂದ, ಇಡೀ ನಗರಕ್ಕೆ ಒಂದೇ ಯೋಜನೆಯನ್ನು ಸಿದ್ಧಪಡಿಸುವ ಕೆಲಸವು ಹುಟ್ಟಿತು. ಗೆರೆಯ ಎರಡು ಪಕ್ಕಗಳಲ್ಲಿಯೂ ಪಾಳು ಬೀಳುತ್ತಿದ್ದ ಹಳೆಯ ಕೇರಿಗಳನ್ನು ಜನರು ಬಿಟ್ಟುಹೋಗದಂತೆ ನೋಡಿಕೊಳ್ಳುವುದು ಅದರ ಮುಖ್ಯ ಉದ್ದೇಶಗಳಲ್ಲೊಂದು. ಒಂದು ದಿನ ಗೆರೆಯು ಅಳಿಸಿಹೋದರೆ ಎರಡು ಹೋಳುಗಳು ಮತ್ತೆ ಹೊಂದಿಕೊಳ್ಳುವಂತಿರಬೇಕೆಂದು ಎಣಿಸಿಯೇ ಬೀದಿಗಳನ್ನು ಗುರುತಿಸಿದರು. ಈ ಹಳೆಯ ಪೇಟೆಯ ಪುನರುಜ್ಜೀವನಕ್ಕಾಗಿ 2007ರಲ್ಲಿ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿಯು ದೊರೆಯಿತು. ಮೋರಿಯಿಂದ ಆರಂಭವಾದ ಮೈತ್ರಿಯೆಂದು ನಗುವವರು ನಗಲಿ. ನಮ್ಮಲ್ಲಿ ಎರಡು ಇಲಾಖೆಗಳು ಒಂದೇ ಮೋರಿಯ ಮೇಲೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆಸುವುದನ್ನು ಕಂಡವರಾದ ನಾವು ನಗಲಾರೆವು.

ದೊಡ್ಡ ಛತ್ರದ ದುರಸ್ತಿಯು ಉತ್ತರದ ಭಾಗದಲ್ಲಿ ನಿಧಾನವಾಗಿ, ನಿಂತು ನಿಂತು ನಡೆದು, 20ನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಚುರುಕಾಗಿ, 2002ರ ಹೊತ್ತಿಗೆ ಮುಗಿಯಿತು. ಈಗ ಕೆಳಗಿನ ಕೋಣೆಗಳಲ್ಲಿ ಕುಶಲಕರ್ಮಿಗಳ ಅಂಗಡಿಗಳಿವೆ. ಕಸೂತಿಯ ಬಟ್ಟೆ, ಮಡಕೆ, ಮರದ ಸಾಮಾನು. ಮೇಲೆ ಚಿತ್ರಗಾರರ ಕೋಣೆಗಳು. ಅಂಗಳದಲ್ಲಿ ಕಾಫಿಯ ಮೇಜುಗಳು. ನಮ್ಮ ತೊಗಲುಗೊಂಬೆಯ ದೂರದ ಬಂಧುವೆನ್ನಬಹುದಾದ ನೆರಳುಗೊಂಬೆಯಾಟವೂ ಅಲ್ಲಿ ನಡೆದುದುಂಟು. ಅಂಗಳಕ್ಕೆ ಪ್ರವೇಶಧನವಿಲ್ಲ. ಪ್ರವಾಸಿಗಳಿಗೆ ಮಾರುವ ಆಟಿಕೆಗಳ ಸಡಗರವು ಸ್ವಲ್ಪ ಹೆಚ್ಚೇ ಇರುವುದು. ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುವ ಅವಶ್ಯಕತೆಯು ನಮಗೆ ಬರುತ್ತಿರಲಿಲ್ಲ.

2003ರ ಏಪ್ರಿಲಿನಲ್ಲಿ, 29 ವರ್ಷಗಳಾದ ಮೇಲೆ, ಗೆರೆಯನ್ನು ದಾಟಲು ಸಾಮಾನ್ಯ ಜನರಿಗೆ ಅವಕಾಶವು ದೊರೆಯಿತು. 2008ರ ಏಪ್ರಿಲಿನಲ್ಲಿ ಹಳೆಯ ಪೇಟೆಯ ನಡುವಿನ ಲೆದ್ರಾ ಬೀದಿಯೂ ತೆರೆಯಿತು. ಅಲ್ಲಿಂದ ದೊಡ್ಡ ಛತ್ರಕ್ಕೆ ಕೆಲವೇ ನಿಮಿಷಗಳ ನಡಿಗೆ. ಒಂದು ತಲೆಮಾರಿನ ಕಾಲ ಪರಸ್ಪರ ಮುಖವನ್ನೇ ಕಾಣದಿದ್ದ ಜನರು ದಾಟಿ ಬಂದರು. ಬಂದು ಕುಳಿತುಕೊಳ್ಳುವುದೆಲ್ಲಿ? ಒಬ್ಬರ ಮನೆಗೆ ಮತ್ತೊಬ್ಬರು ಹೋಗುವಷ್ಟು ನಂಬಿಕೆಯು ಇನ್ನೂ ಕುದುರಿರಲಿಲ್ಲ. ಬಿಟ್ಟುಹೋದ ಮನೆಗಳಲ್ಲಿ ಬೇರೆಯವರು ವಾಸವಾಗಿದ್ದರು. ಆಗ ಛತ್ರದ ಅಂಗಳವು ಒದಗಿತು. ಶನಿವಾರಗಳಂದು ಗ್ರೀಕರೂ ತುರ್ಕರೂ ಅಲ್ಲಿ ಒಂದೇ ಮೇಜಿನ ಸುತ್ತ ಕುಳಿತು ಕಾಫಿ ಕುಡಿಯುತ್ತ ಮಾತನಾಡುವ ಒಂದು ಪದ್ಧತಿಯೇ ಬೆಳೆಯಿತು. ಎರಡು ಕಡೆಯ ಕಟ್ಟಾ ಜನರು ಅವರನ್ನು ದ್ರೋಹಿಗಳೆಂದು ಜರೆದರಂತೆ; ಅವರು ಆ ಹೆಸರನ್ನೇ ತಮ್ಮ ಕೂಟಕ್ಕೆ ನಗುತ್ತ ಇಟ್ಟುಕೊಂಡರಂತೆ. ರಾಜಕೀಯದ ತೊಡಕು ಇಂದಿಗೂ ಬಿಡಿಸಿಲ್ಲ, ಗೆರೆಯೂ ಅಳಿದಿಲ್ಲ. ಇನ್ನೂರು ಮುನ್ನೂರು ಹೆಜ್ಜೆಗಳ ಪ್ರಯಾಣಕ್ಕೆ ಗುರುತಿನ ಚೀಟಿಯನ್ನು ತೋರಿಸಬೇಕು. ಅಷ್ಟು ದೂರದಿಂದ ಬಂದವನೂ ದಾರಿಗನೇ ಎಂದು ಆ ಕಟ್ಟಡವು ಮತ್ತೊಮ್ಮೆ ಒಪ್ಪಿಕೊಂಡಿತು. ಒಂಟೆಯ ಬೆನ್ನಿನಿಂದ ಸರಕಿಳಿಸುವ ವರ್ತಕನು ಮಾಯವಾಗಿ ಎಷ್ಟೋ ಕಾಲವಾಗಿದ್ದಿತು. ಅವನ ಸ್ಥಾನದಲ್ಲಿ ಪಕ್ಕದ ಬೀದಿಯ ಅಪರಿಚಿತನು ಬಂದು ಕುಳಿತನು.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಛತ್ರವೆಂಬುದು ಸಂಸ್ಕೃತದ ಸತ್ರ ಶಬ್ದದಿಂದ ಬಂದುದು. ಸತ್ರ, ಅರವಟ್ಟಿಗೆಗಳಿಗೆ ಭೂಮಿಯನ್ನು ಬಿಟ್ಟ ವಿಚಾರವು ನಮ್ಮ ಶಾಸನಗಳಲ್ಲಿ ಮೇಲಿಂದ ಮೇಲೆ ಬರುವುದು. ಅರಸರು, ದಳವಾಯಿಗಳು, ವರ್ತಕರು, ಅನೇಕ ಮಂದಿ ವಿಧವೆಯರು ಸಹ, ದಾರಿಯ ಪಕ್ಕದಲ್ಲಿ ಮಂಟಪವನ್ನೋ ಬಾವಿಯನ್ನೋ ಛತ್ರವನ್ನೋ ಕಟ್ಟಿಸಿ ಕಣ್ಮುಚ್ಚಿದರು. ಈ ಧರ್ಮದ ವ್ಯಾಪ್ತಿಯು ಎಷ್ಟಿದ್ದಿತೆಂಬುದನ್ನು ತಿಳಿಯಲು ತಂಜಾವೂರಿನ ಮರಾಠಾ ದೊರೆ ಎರಡನೆಯ ಸರಫೋಜಿಯು 1801ರಲ್ಲಿ ಕಂಪನಿಯ ರೆಸಿಡೆಂಟನಾದ ಟೋರಿನ್ ಎಂಬವನಿಗೆ ಬರೆದ ಪತ್ರವೊಂದನ್ನು ನೋಡಬೇಕು. ಅದರ ಸಾರಾಂಶವಿಷ್ಟು: ರಾಮೇಶ್ವರದ ದಾರಿಯ ಛತ್ರಗಳಲ್ಲಿ ಬ್ರಾಹ್ಮಣನಿಂದ ಹಿಡಿದು ಅಸ್ಪೃಶ್ಯನೆನಿಸಿಕೊಂಡವನವರೆಗೆ ಎಲ್ಲ ಪ್ರಯಾಣಿಕರಿಗೂ ಅನ್ನವುಂಟು, ನಡುರಾತ್ರಿಯಲ್ಲಿ ಗಂಟೆ ಬಾರಿಸಿ, ಇನ್ನೂ ಉಣ್ಣದವರು ಯಾರಾದರೂ ಇದ್ದರೆ ಬರಬೇಕೆಂದು ಕೂಗಿ ಕರೆಯುವರು, ಕಾಯಿಲೆ ಬಿದ್ದ ದಾರಿಗನಿಗೆ ವೈದ್ಯನೂ ಔಷಧವೂ ಉಂಟು, ತಂದೆತಾಯಿಗಳನ್ನು ಕಳೆದುಕೊಂಡ ಪರಸ್ಥಳದ ಮಕ್ಕಳನ್ನು ಉಪಾಧ್ಯಾಯನ ವಶಕ್ಕೆ ಕೊಟ್ಟು ಸಾಕಿ ಓದಿಸುವರು. ರಾಜ್ಯದ ಆಡಳಿತವು 1799ರಲ್ಲಿಯೇ ಕಂಪನಿಯ ಪಾಲಾಗಿದ್ದಿತು. ಅಧಿಕಾರವನ್ನು ಕಳೆದುಕೊಂಡ ದೊರೆಯು, ಛತ್ರದ ಗ್ರಾಮಗಳನ್ನಾದರೂ ತನ್ನ ಕೈಯಲ್ಲಿ ಬಿಡಬೇಕೆಂದು ಬೇಡಿಕೊಳ್ಳುವಾಗ ಬರೆದ ಮಾತುಗಳಿವು. ಅರ್ಜಿಯ ಮಾತಿನಲ್ಲಿ ಸ್ವಲ್ಪ ಬಣ್ಣವಿರಬಹುದೆಂದು ಕಳೆದರೂ ಉಳಿಯುವುದು ಅಲ್ಪವಲ್ಲ.

ಆದರೆ ಸತ್ಯವನ್ನು ಮರೆಮಾಡಬಾರದು. ಎಲ್ಲ ಛತ್ರಗಳ ಬಾಗಿಲೂ ಎಲ್ಲರಿಗೂ ತೆರೆದಿರಲಿಲ್ಲ. ಒಂದೇ ಜಾತಿಗೆ ಮೀಸಲಾದುವು ಬಹಳವಿದ್ದುವು. ಎಲ್ಲರನ್ನೂ ಸೇರಿಸುತ್ತಿದ್ದ ಕಡೆಗಳಲ್ಲಿಯೂ ಅಡಿಗೆಮನೆ ಬೇರೆ, ಪಂಕ್ತಿ ಬೇರೆ, ನೀರಿನ ಗಡಿಗೆ ಬೇರೆ. ಕಂಬದ ಕೆತ್ತನೆಯನ್ನು ಹಿಂದಿನಂತೆಯೇ ಉಳಿಸಬೇಕೆಂದು ಹಟ ಹಿಡಿಯುವವರಾದ ನಾವು ಈ ಭಾಗವು ಹಿಂದಿನಂತಿರಬಾರದೆಂದು ಅಷ್ಟೇ ಹಟ ಹಿಡಿಯುತ್ತೇವೆ.

ರೈಲು ಬಂದ ಮೇಲೆ ಕಾಲುದಾರಿಯ ಛತ್ರಗಳು ಬರಿದಾದುವು. ಇದನ್ನು ಬೇಗನೆ ಅರಿತ ದಾನಶೀಲರೂ ಇದ್ದರು. ಗುಬ್ಬಿ ತೋಟದಪ್ಪನವರು 20ನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನ ರೈಲು ನಿಲ್ದಾಣದ ಸಮೀಪದಲ್ಲಿ ಧರ್ಮಛತ್ರವನ್ನು ಸ್ಥಾಪಿಸಿದುದು ಎಲ್ಲರಿಗೂ ತಿಳಿದ ಸಂಗತಿ. ದಾರಿಗನು ಈಗ ಎಲ್ಲಿ ಇಳಿಯುವನೆಂಬುದನ್ನು ಅವರು ಕಣ್ಣಿಟ್ಟು ನೋಡಿ ಅಲ್ಲಿಗೆ ಛತ್ರವನ್ನು ಕೊಂಡೊಯ್ದರು. ಊರು ಬಿಟ್ಟು ಓದಲು ಬರುವ ಹುಡುಗನೂ ದಾರಿಗನೇ ಎಂದು ಕಂಡು ವಿದ್ಯಾರ್ಥಿನಿಲಯವನ್ನೂ ನಡೆಸಿದರು. ಅನಂತರ ಬಂದವರಲ್ಲಿ ಈ ದೃಷ್ಟಿಯು ಅಪರೂಪವಾಯಿತು. ಬೆಂಗಳೂರು ಮೈಸೂರುಗಳ ಕಡೆ ಇಂದು ಛತ್ರವೆಂದರೆ ಮದುವೆಯ ಛತ್ರ. ದಿನವೊಂದಕ್ಕೆ ಇಷ್ಟು ಬಾಡಿಗೆ, ಪಾತ್ರೆಗೆ ಇಷ್ಟು, ದೀಪಕ್ಕೆ ಇಷ್ಟು, ಎಂಬ ಲೆಕ್ಕವೇ ಜನರ ಮನಸ್ಸಿಗೆ ಬರುವುದು. ಹಣವಿಲ್ಲದವನಿಗೆಂದು ಹುಟ್ಟಿದ ಶಬ್ದವು ಹಣವುಳ್ಳವನ ಹೆಬ್ಬಾಗಿಲಿನ ಮೇಲೆ ವಿದ್ಯುದ್ದೀಪಗಳಿಂದ ಬೆಳಗುತ್ತಿರುವುದು. ಮದುವೆಗಳು ನಡೆಯಬಾರದೆಂದು ನಾವು ಹೇಳುವುದಿಲ್ಲ. ಮದುವೆಯಿಲ್ಲದ ದಿನಗಳಲ್ಲಿಯೂ ಬೀಗ ಹಾಕಿರುವುದೇಕೆಂದು ಮಾತ್ರ ಕೇಳುತ್ತೇವೆ.

ನಾವು ಪ್ರವೇಶ ಪರೀಕ್ಷೆಗೆಂದು ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಹೋದಾಗ ಅಲ್ಲಿಯ ಹಳೆಯ ಛತ್ರವೊಂದರ ಜಗಲಿಯಲ್ಲಿ ನಾಲ್ಕು ರಾತ್ರಿ ಮಲಗಿದ್ದೆವು. ಮೇಟಿಯು ಹೆಸರನ್ನೂ ಊರನ್ನೂ ಬರೆದುಕೊಂಡನೇ ಹೊರತು ಬೇರೇನನ್ನೂ ಕೇಳಲಿಲ್ಲ. ಎರಡನೆಯ ರಾತ್ರಿ ಓದಲೆಂದು ತಾನೇ ಒಂದು ಲಾಂದ್ರವನ್ನು ತಂದಿಟ್ಟನು. ಕೆಲವು ವರ್ಷಗಳ ಕೆಳಗೆ ಆ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆವು. ಜೀರ್ಣೋದ್ಧಾರವು ನಡೆದಿದ್ದಿತು. ಕಲ್ಲುಕಂಬಗಳಿಗೆ ನೀಲಿಯ ಎಣ್ಣೆಬಣ್ಣ, ಗೋಡೆಗಳಿಗೆ ಸಿಮೆಂಟಿನ ಗಿಲಾವು, ಜಗಲಿಯ ಮುಂದೆ ಕಬ್ಬಿಣದ ಸರಳು. ಮಾಡಿಸಿದವರ ಹೆಸರು ಬೇಡ. ಅವರ ಹೆಸರುಗಳೆಲ್ಲ ಅಲ್ಲಿಯ ಅಮೃತಶಿಲೆಯ ಹಲಗೆಯ ಮೇಲೆ ಸಾಲಾಗಿಯೇ ಇವೆ. ಕಟ್ಟಿಸಿದವನ ಹೆಸರಿದ್ದ ಹಳೆಯ ಕಲ್ಲು ಎಣ್ಣೆಬಣ್ಣದ ಕೆಳಗೆ ಸೇರಿದ್ದಿತು.

ಈ ಸಿಮೆಂಟಿನ ವಿಚಾರವನ್ನು ಲೋಕೋಪಯೋಗಿ ಇಲಾಖೆಯ ಮಿತ್ರರು ಸ್ವಲ್ಪ ಸಾವಧಾನವಾಗಿ ಕೇಳಬೇಕು. ಹಳೆಯ ಗೋಡೆಗಳು ಸುಣ್ಣದ ಗಾರೆಯಿಂದ ಕಟ್ಟಿದವು. ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ಕೊಳೆಹಾಕಿ, ಮರಳು ಸೇರಿಸಿ ಅರೆದು, ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಹಾಕಿ ಹದಮಾಡಿದ ಗಾರೆಯು ಮೆತ್ತಗಿರುವುದು. ಗೋಡೆಯು ಮಳೆಗಾಲದಲ್ಲಿ ಹೀರಿದ ತೇವವನ್ನು ಬೇಸಗೆಯಲ್ಲಿ ಹೊರಕ್ಕೆ ಬಿಡಲು ಅದು ಅವಕಾಶ ಕೊಡುವುದು. ಸಿಮೆಂಟು ಕಲ್ಲಿಗಿಂತಲೂ ಗಡುಸು, ನೀರಾವಿಯನ್ನು ಹೊರಬಿಡದು. ಒಳಗೆ ಸಿಕ್ಕಿದ ತೇವವು ಉಪ್ಪನ್ನು ಕೂಡಿಕೊಂಡು ಕಲ್ಲನ್ನೂ ಇಟ್ಟಿಗೆಯನ್ನೂ ಪುಡಿಮಾಡುತ್ತ ಬರುವುದು. ಹೊರಗೆ ನುಣುಪು, ಒಳಗೆ ಹುಡಿ. ನಿಕೋಸಿಯಾದ ಹಳದಿಯ ಮೆತುವಾದ ಕಲ್ಲಿಗೆ ಹೇಗೋ ನಮ್ಮ ಇಟ್ಟಿಗೆಯ ಗೋಡೆಗೂ ಹಾಗೆಯೇ ಈ ನಿಯಮವು ಅನ್ವಯಿಸುವುದು. ಮೊದಲು ನೋಡಬೇಕಾದುದು ಮಾಳಿಗೆಯನ್ನು. ತೊಲೆಗಳ ಮೇಲೆ ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ಗಾರೆ ಹಾಕಿದ ಮದರಾಸು ತಾರಸಿಯಲ್ಲಿ ನೀರು ಇಳಿಯಲು ಮೊದಲಾದರೆ ತೊಲೆಯ ತುದಿಯು ಗೋಡೆಯೊಳಗೇ ಕೊಳೆಯುವುದು. ಹೊರಗಿನಿಂದ ಏನೂ ಕಾಣಿಸದು. ಆಮೇಲೆ ಗೋಡೆಯ ಬಿರುಕಿನಲ್ಲಿ ಹುಟ್ಟಿದ ಅರಳಿಯ ಗಿಡ. ಅದನ್ನು ಚಿಕ್ಕದಾಗಿರುವಾಗಲೇ ಬೇರುಸಹಿತ ತೆಗೆಸಲು ಒಬ್ಬ ಆಳಿನ ಅರ್ಧ ದಿನದ ಕೂಲಿಯು ಸಾಕು. ಹತ್ತು ವರ್ಷ ಬಿಟ್ಟರೆ ಗೋಡೆಯನ್ನೇ ಬಿಚ್ಚಬೇಕಾಗುವುದು. ದೊಡ್ಡ ಜೀರ್ಣೋದ್ಧಾರಗಳಲ್ಲಿ ಹೆಚ್ಚಿನವು ಈ ಅರ್ಧ ದಿನದ ಕೂಲಿಯನ್ನು ಉಳಿಸಿದುದರ ಫಲವೆಂದು ಗಾರೆ ಕೆಲಸದ ಹಿರಿಯ ಮೇಸ್ತ್ರಿಯೊಬ್ಬನು ನಮಗೆ ಹೇಳಿದನು. ಇಂಥ ಮೇಸ್ತ್ರಿಗಳೂ ಈಗ ವಿರಳವಾಗುತ್ತಿರುವರು. ಕಟ್ಟಡವೊಂದನ್ನು ದುರಸ್ತಿ ಮಾಡಿಸುವಾಗ ನಾಲ್ಕು ಮಂದಿ ಹುಡುಗರನ್ನು ಅವರ ಕೈಕೆಳಗೆ ಕೆಲಸ ಕಲಿಯಲು ಬಿಟ್ಟರೆ ಅದೂ ಛತ್ರದ ಧರ್ಮದಲ್ಲಿಯೇ ಸೇರುವುದು.

ಕಟ್ಟಡವು ಸರಿಹೋಯಿತೆನ್ನೋಣ; ಮುಂದೇನು? ಲಂಡನ್ನಿನ ಸದರ್ಕ್ ಭಾಗದಲ್ಲಿ ಜಾರ್ಜ್ ಎಂಬ ಹಳೆಯ ಛತ್ರವಿರುವುದು. 1676ರ ಬೆಂಕಿಯ ಬಳಿಕ ಮತ್ತೆ ಕಟ್ಟಿದ, ಮರದ ಮೊಗಸಾಲೆಗಳುಳ್ಳ ಕಟ್ಟಡ. ರೈಲ್ವೆ ಕಂಪನಿಯವರು ಅದರ ಹೆಚ್ಚಿನ ಭಾಗವನ್ನು ಕೆಡವಿ ಒಂದು ಪಾರ್ಶ್ವವನ್ನು ಮಾತ್ರ ಉಳಿಸಿದರು. ಅದು 1937ರಲ್ಲಿ ನ್ಯಾಷನಲ್ ಟ್ರಸ್ಟ್ ಎಂಬ ಸಂಸ್ಥೆಯ ಕೈಸೇರಿತು. ಅಲ್ಲಿ ಇಂದಿಗೂ ಜನರು ಕುಳಿತು ಉಂಡು ಕುಡಿಯುವರು. ಮೊರೊಕ್ಕೊ ದೇಶದ ಫೆಜ್ ನಗರದ ಬಡಗಿಗಳ ಛತ್ರವನ್ನು ಸೊಗಸಾಗಿ ದುರಸ್ತಿಮಾಡಿ 1998ರಲ್ಲಿ ಮರಗೆಲಸದ ವಸ್ತುಸಂಗ್ರಹಾಲಯವನ್ನಾಗಿ ತೆರೆದರು. ನೋಡಲು ಅದು ಎಲ್ಲಕ್ಕಿಂತ ಅಂದವಾದುದೆಂದು ಹೇಳುವರು. ಆದರೂ ನಮಗೆ ನಮ್ಮಲ್ಲಿಯ ಮುಂಬಯಿಯೇ ಹೆಚ್ಚು ಹಿಡಿಸುವುದು. ಪೊರಕೆಯನ್ನು ಹಿಡಿದು ಊರೂರು ಗುಡಿಸುತ್ತ ನಡೆದ, ಅಕ್ಷರವನ್ನೇ ಕಲಿಯದ ಗಾಡಗೆ ಮಹಾರಾಜರು ಯಾತ್ರಾಸ್ಥಳಗಳಲ್ಲಿ ಬಡ ಯಾತ್ರಿಕರಿಗಾಗಿ ಧರ್ಮಶಾಲೆಗಳನ್ನು ಕಟ್ಟಿಸಿದರು. ಮುಂಬಯಿಯ ದಾದರಿನಲ್ಲಿ ಅವರ ಹೆಸರಿನಲ್ಲಿ ನಡೆಯುತ್ತಿರುವ ಧರ್ಮಶಾಲೆಯಲ್ಲಿ ಈಗ ಟಾಟಾ ಆಸ್ಪತ್ರೆಗೆ ಅರ್ಬುದ ರೋಗದ ಚಿಕಿತ್ಸೆಗೆಂದು ದೂರದೂರದಿಂದ ಬರುವ ಬಡ ರೋಗಿಗಳೂ ಅವರ ಮನೆಯವರೂ ಅಲ್ಪ ಹಣಕ್ಕೆ ತಂಗುವರು. ಪಂಢರಿಯ ದಾರಿಗನಿಗೂ ಟಾಟಾ ಆಸ್ಪತ್ರೆಯ ದಾರಿಗನಿಗೂ ಅಲ್ಲಿ ಭೇದ ಕಾಣಲಿಲ್ಲ.

ದಾರಿಗನು ಈಗ ಇಲ್ಲ, ಆದುದರಿಂದ ಛತ್ರವು ನಿರರ್ಥಕವೆಂಬ ವಾದವನ್ನು ನಾವು ಒಪ್ಪದಿರಲು ಇದೇ ಕಾರಣ. ನಮ್ಮ ಯಾವುದೇ ಜಿಲ್ಲಾ ಆಸ್ಪತ್ರೆಗೆ ರಾತ್ರಿ ಹತ್ತು ಗಂಟೆಯ ಮೇಲೆ ಹೋಗಿ ನೋಡಬಹುದು. ಹೆರಿಗೆಗೆ ಬಂದವಳ ತಾಯಿ, ಕಾಲು ಮುರಿದವನ ತಮ್ಮ, ಮೂತ್ರಪಿಂಡದ ರೋಗಿಯ ಹೆಂಡತಿ, ಇವರೆಲ್ಲ ಪಡಸಾಲೆಯಲ್ಲಿಯೂ ಮರದ ಕೆಳಗೂ ಬಸ್ ನಿಲ್ದಾಣದ ಬೆಂಚಿನ ಮೇಲೂ ಚೀಲವನ್ನು ತಲೆದಿಂಬು ಮಾಡಿಕೊಂಡು ಬಿದ್ದಿರುವರು. ನೇಮಕಾತಿಯ ಪರೀಕ್ಷೆಯಿದ್ದ ದಿನ ಹಳ್ಳಿಗಾಡಿನ ಹುಡುಗಿಯರು ಹಿಂದಿನ ರಾತ್ರಿಯೇ ಬಂದು ಎಲ್ಲಿ ಉಳಿಯುವುದೆಂದು ತಿಳಿಯದೆ ನಿಲ್ದಾಣದಲ್ಲಿ ಬೆಳಗು ಮಾಡುವರು. ಅಲ್ಲಿಂದ ಸ್ವಲ್ಪ ದೂರದಲ್ಲಿ, ಕೆಲವು ಊರುಗಳಲ್ಲಿ ಕೂಗಳತೆಯಲ್ಲಿಯೇ, ಬೀಗ ಹಾಕಿದ ಛತ್ರವಿರುವುದು.

ಕಾನೂನು ಅಡ್ಡ ಬರುವುದೆಂದು ಹೇಳುವವರುಂಟು. ದಾನಪತ್ರದಲ್ಲಿ ರಾಮೇಶ್ವರದ ಯಾತ್ರಿಕನಿಗೆ ಎಂದಿರುವಾಗ ರೋಗಿಯ ತಾಯಿಗೆ ಕೊಡುವುದು ಹೇಗೆ? 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೆಯ ಕಲಮಿಗೆ 1976ರಲ್ಲಿ ಮಾಡಿದ ತಿದ್ದುಪಡಿಯನ್ನು ಈ ಮಹನೀಯರು ಓದಬೇಕು. ಸಾರ್ವಜನಿಕ ಧರ್ಮದತ್ತಿಯ ಮೂಲ ಉದ್ದೇಶವು ನಡೆಸಲಾಗದಂತಾಗಿದ್ದರೆ, ದಾನಿಯ ಆಶಯಕ್ಕೆ ಹತ್ತಿರವಾದ ಬೇರೊಂದು ಉದ್ದೇಶಕ್ಕೆ ಆ ಸ್ವತ್ತನ್ನು ವಿನಿಯೋಗಿಸಲು ನ್ಯಾಯಾಲಯವು ಅನುಮತಿ ಕೊಡಬಹುದೆಂದು ಅದರಲ್ಲಿದೆ. ಹತ್ತಿರವಾದ ಉದ್ದೇಶ ಎಂಬ ಮಾತನ್ನು ಗಮನಿಸಬೇಕು. ನಡುರಾತ್ರಿಯಲ್ಲಿ ಗಂಟೆ ಬಾರಿಸಿ ಹಸಿದವರನ್ನು ಕರೆದ ದಾನಿಯ ಆಶಯಕ್ಕೆ ವಾಣಿಜ್ಯ ಸಂಕೀರ್ಣವು ಹತ್ತಿರವೋ, ಆಸ್ಪತ್ರೆಯ ಪಡಸಾಲೆಯಲ್ಲಿ ಮಲಗಿದವಳಿಗೊಂದು ಚಾಪೆಯು ಹತ್ತಿರವೋ ಎಂಬುದನ್ನು ತೀರ್ಮಾನಿಸಲು ವಕೀಲರ ಅಗತ್ಯವೂ ಇರಲಾರದು. ಬೀದಿಯ ಕಡೆಗೆ ನಾಲ್ಕು ಅಂಗಡಿಗಳಿದ್ದರೆ ನಮ್ಮ ಆಕ್ಷೇಪಣೆಯಿಲ್ಲ. ಮುಜಫರ್ ಪಾಷಾನೂ ಇಟ್ಟಿದ್ದನು. ದೀಪಕ್ಕೂ ಗುಡಿಸುವವನ ಸಂಬಳಕ್ಕೂ ಮಾಳಿಗೆಯ ಗಾರೆಗೂ ಎಲ್ಲಿಂದಲೋ ಹಣ ಬರಲೇಬೇಕು. ಮೇಲಿನ ಅಂತಸ್ತು ಮಲಗುವುದಕ್ಕೆ ಉಳಿಯಲಿ. ಹಗಲಿನಲ್ಲಿ ಅಂಗಳವು ವಾಚನಾಲಯವೋ ಹೊಲಿಗೆಯ ತರಗತಿಯೋ ಆಗಲಿ. ಸಂಜೆ ಹರಿಕಥೆಯೋ ನಾಟಕವೋ ನಡೆಯಲಿ.

ಛತ್ರದ ದುರಸ್ತಿಗೆ ಅಂದಾಜುಪಟ್ಟಿಯನ್ನು ತಯಾರಿಸುವ ಅಧಿಕಾರಿಗಳು ಕಟ್ಟಡದ ಅಳತೆಯನ್ನು ತೆಗೆಯುವ ಮ��ದಲು ಒಂದು ರಾತ್ರಿ ಊರಿನ ಆಸ್ಪತ್ರೆಯನ್ನೂ ಬಸ್ ನಿಲ್ದಾಣವನ್ನೂ ಸುತ್ತಿ, ಅಲ್ಲಿ ಮಲಗಿರುವವರನ್ನು ಎಣಿಸಿ, ಯಾವ ಊರಿನಿಂದ ಬಂದರು, ಎಷ್ಟು ದಿನವಾಯಿತು ಎಂದು ಕೇಳಿ ಬರೆದುಕೊಳ್ಳಲಿ. ಆ ಪಟ್ಟಿಯನ್ನು ಕಡತದ ಮೊದಲನೆಯ ಹಾಳೆಯಾಗಿ ಹೊಲಿದು ಪುರಸಭೆಯ ಮುಂದಿಡಲಿ. ಯಾವ ಪುರಸಭೆಯವರಾದರೂ ಹಾಗೆ ಮಾಡಿದರೆ ಆ ಪಟ್ಟಿಯನ್ನು ನಮ್ಮ ಪತ್ರಿಕೆಯಲ್ಲಿ ಪ್ರಕಟಿಸಲು ಸಿದ್ಧರಿದ್ದೇವೆ. ಮುದ್ರಣದ ವೆಚ್ಚವನ್ನು ಕೇಳುವುದಿಲ್ಲ.